ಮೂರಂಕಿಯ ಹಿಂದಿನ ಪುಟಗಳು

ತುಮಕೂರಿನ ಬಿ.ಎಚ್. ರಸ್ತೆಯ ಬೈಕ್ ಶೋರೂಮಿರಲಿ, ಗುಬ್ಬಿ, ಕುಣಿಗಲ್‌ನ ಬ್ಯಾಂಕ್ ಶಾಖೆಯಿರಲಿ, ಸಾಲದ ಮಾತು ಈಗ ಶುರುವಾಗುವುದೇ ಸಿಬಿಲ್‌ನಿಂದ. ಪಹಣಿ, ಆಧಾರ್, ಪಾನ್ ಎಲ್ಲ ಜೋಡಿಸಿಕೊಂಡು ಹೋದವರಿಗೆ ಕೌಂಟರಿನ ಆಚೆಯಿಂದ ಬರುವ ಉತ್ತರ ಎಷ್ಟೋ ಸಲ ಒಂದೇ ಮಾತಿನದು: ‘ನಿಮ್ದು ಸಿಬಿಲ್ ಬರ್ತಿಲ್ಲ ಅಣ್ಣ.’ ಯಾವ ಸಾಲ, ಯಾವ ತಿಂಗಳ ಕಂತು, ಎಷ್ಟು ಬಾಕಿ ಎಂದು ಕೇಳುವವರು ಕಡಿಮೆ. ಕೇಳಿದರೆ ಬಿಡಿಸಿ ಹೇಳುವವರು ಇನ್ನೂ ಕಡಿಮೆ. ಸಿಬಿಲ್ ಅಂಕವೆಂಬ ಆ ಮೂರಂಕಿಯ ಹಿಂದೆ ಪುಟಗಟ್ಟಲೆ ವರದಿ ಇದೆ. ಅದನ್ನು ಪುಕ್ಕಟೆಯಾಗಿ ಪಡೆದು ಓದುವ ಹಕ್ಕು ಸಾಲಗಾರರಿಗಿದೆ. ಈ ಹಕ್ಕು ಬಳಕೆಗೆ ಬಂದರೆ ಬ್ಯಾಂಕಿನ ಬಾಗಿಲಿನಿಂದ ಬರಿಗೈಲಿ ವಾಪಸಾಗುವ ಎಷ್ಟೋ ಕುಟುಂಬಗಳ ಕಷ್ಟ ತಪ್ಪುತ್ತದೆ.

ಸಿಬಿಲ್ ಸರ್ಕಾರದ ಇಲಾಖೆಯಲ್ಲ. 2000ದಲ್ಲಿ ಹುಟ್ಟಿದ, ಈಗ ಟ್ರಾನ್ಸ್‌ಯೂನಿಯನ್ ಸಿಬಿಲ್ ಎಂಬ ಹೆಸರಿನ ಕಂಪನಿ. 2005ರ ಕಾಯ್ದೆಯಡಿ, ರಿಸರ್ವ್ ಬ್ಯಾಂಕಿನ ಕಣ್ಗಾವಲಿನಲ್ಲಿ ಇಂಥ ನಾಲ್ಕು ಕಂಪನಿಗಳಿವೆ. ಉಳಿದ ಮೂರು ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಕ್ರಿಫ್ ಹೈ ಮಾರ್ಕ್. ಬ್ಯಾಂಕು, ಫೈನಾನ್ಸ್ ಕಂಪನಿಗಳು ಕಳಿಸುವ ಲೆಕ್ಕವನ್ನು ಒಟ್ಟುಮಾಡಿ ಇವು 300ರಿಂದ 900ರೊಳಗೆ ಅಂಕ ಕೊಡುತ್ತವೆ. 750 ದಾಟಿದರೆ ಸಾಮಾನ್ಯವಾಗಿ ಒಳ್ಳೆಯ ಅಂಕವೆನ್ನುತ್ತಾರೆ. ಊರಿನ ಕೈಗಡ, ಚೀಟಿ, ಮಂಡಿಯವರ ಮುಂಗಡ ಈ ಕಂಪನಿಗಳ ಲೆಕ್ಕಕ್ಕೆ ಬರುವುದಿಲ್ಲ. ಅಡಿಕೆ ಮಾರಿದ ದಿನವೇ ಮಂಡಿಯ ಬಾಕಿ ಚುಕ್ತಾ ಮಾಡಿ ಮೂವತ್ತು ವರ್ಷ ಮಾತು ಉಳಿಸಿಕೊಂಡ ಗುಬ್ಬಿಯ ರೈತನ ಬಗ್ಗೆ ಆ ವರದಿಯಲ್ಲಿ ಒಂದಕ್ಷರವೂ ಇರಲಿಕ್ಕಿಲ್ಲ. ಸಿಬಿಲ್ ಅಂಕವನ್ನು ಮನುಷ್ಯನ ಯೋಗ್ಯತೆಯೆಂದು ಓದುವುದು ಆತನಿಗೆ ಮಾಡುವ ಅನ್ಯಾಯ.

ವರದಿ ತೆರೆದರೆ ಮೊದಲು ನೋಡಬೇಕಾದ್ದು ಪ್ರತಿ ಸಾಲದ ಪಕ್ಕದ ‘ಓನರ್‌ಶಿಪ್’ ಕಲಂ. ಅಲ್ಲಿ ‘ಗ್ಯಾರಂಟರ್’ ಎಂದಿದ್ದರೆ ಅದು ಎಂದೋ ಹಾಕಿದ ಜಾಮೀನಿನ ಸಹಿ. ಭಾವಮೈದುನನ ಟ್ರ್ಯಾಕ್ಟರಿಗೋ, ಪಕ್ಕದ ಮನೆ ಹುಡುಗನ ಆಟೋಗೋ ದಾಕ್ಷಿಣ್ಯಕ್ಕೆ ಬಿದ್ದು ಹಾಕಿದ ಸಹಿ. ಅವನು ಸುಸ್ತಿಯಾದರೆ ಹೊಡೆತ ಜಾಮೀನುದಾರನ ಅಂಕಕ್ಕೂ ಬೀಳುತ್ತದೆ. ಅದರ ಕೆಳಗೆ ತಿಂಗಳುಗಳ ಚೌಕಗಳಿರುತ್ತವೆ, ಹಿಂದಿನ 36 ತಿಂಗಳವರೆಗೆ. 000 ಎಂದರೆ ಕಂತು ಹೊತ್ತಿಗೆ ಸರಿಯಾಗಿ ಸಂದಿದೆ. 030 ಎಂದರೆ ಮೂವತ್ತು ದಿನ ತಡ. 090 ದಾಟಿದರೆ ಸಾಲ ವಸೂಲಾಗದ ಪಟ್ಟಿಯ ಕಡೆ ಹೊರಟಂತೆ.

ಹೆಣ್ಣುಮಕ್ಕಳ ವರದಿಯಲ್ಲಿ ತೊಡಕು ಸಂಘದ ಸಾಲದ್ದು. ಮೈಕ್ರೋಫೈನಾನ್ಸ್‌ನವರು ಗುಂಪು ಕಟ್ಟಿಸಿ ಸಾಲ ಕೊಟ್ಟರೂ ಲೆಕ್ಕ ಹೋಗುವುದು ಒಬ್ಬೊಬ್ಬರ ಹೆಸರಿನಲ್ಲಿ. ‘ನಿಮ್ಮ ಹೆಸರಲ್ಲಿ ತಗೊಳ್ಳಕ್ಕ, ಕಂತು ನಾನು ಕಟ್ತೀನಿ’ ಎಂದು ಪಕ್ಕದವರು ಹಣ ಒಯ್ದರೆ, ಕಂತು ತಪ್ಪಿದ ದಿನ ಸುಸ್ತಿದಾರಳಾಗುವುದು ಸಹಿ ಹಾಕಿದವಳೇ. 2025ರ ಫೆಬ್ರುವರಿ 12ರಂದು ಹೊರಬಿದ್ದ ರಾಜ್ಯದ ಕಿರುಸಾಲ ಸುಗ್ರೀವಾಜ್ಞೆ ಮನೆ ಬಾಗಿಲಿಗೆ ಬಂದು ಪೀಡಿಸುವವರಿಗೆ ಕಡಿವಾಣ ಹಾಕಿತು. ಆದರೆ ಅದು ವರದಿಯಲ್ಲಿ ಬಿದ್ದ ಸುಸ್ತಿಯನ್ನು ಅಳಿಸುವ ಕಾನೂನಲ್ಲ. ಈ ವ್ಯತ್ಯಾಸವನ್ನು ಸಂಘದ ಸಭೆಗಳಲ್ಲಿ ಯಾರಾದರೂ ಹೇಳಲೇಬೇಕು.

ಇನ್ನೊಂದು ತೊಡಕು ಬ್ಯಾಂಕುಗಳ ವಿಲೀನದಿಂದ ಬಂದದ್ದು. ತುಮಕೂರಿಗೆ ಕಲ್ಪತರು ಗ್ರಾಮೀಣ ಬ್ಯಾಂಕ್ ಎಂಬ ಸ್ವಂತ ಬ್ಯಾಂಕಿತ್ತು. ಅದು ಕಾವೇರಿ ಕಲ್ಪತರು ಗ್ರಾಮೀಣ ಬ್ಯಾಂಕಾಯಿತು, ಕಾವೇರಿ ಗ್ರಾಮೀಣ ಬ್ಯಾಂಕಾಯಿತು. 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕಾಗಿ, 2025ರ ಮೇ 1ರಂದು ಧಾರವಾಡದ ವಿಕಾಸ ಗ್ರಾಮೀಣ ಬ್ಯಾಂಕನ್ನೂ ಕೂಡಿಸಿಕೊಂಡಿತು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ, ವಿಜಯ ಬ್ಯಾಂಕ್ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿ ಬೋರ್ಡು ಇಳಿಸಿದವು. ಬೋರ್ಡು ಬದಲಾಗುವಾಗ ಹಳೆಯ ಖಾತೆಗಳೂ ಹೊಸ ಕಂಪ್ಯೂಟರಿಗೆ ದಾಟಬೇಕು. ತೀರಿದ ಸಾಲವೊಂದು ವರದಿಯಲ್ಲಿ ಇನ್ನೂ ಚಾಲ್ತಿಯಲ್ಲಿ ಕೂತಿದ್ದರೆ ಕೇಳಬೇಕಾದ್ದು ವಿಲೀನ ಮಾಡಿಕೊಂಡ ಬ್ಯಾಂಕನ್ನೇ. ಹಳೆಯ ಸಾಲಕ್ಕೆ ಉತ್ತರ ಕೊಡಬೇಕಾದ್ದು ಅದೇ. ಟ್ರಂಕಿನ ತಳದಲ್ಲಿರುವ ಹಳೆಯ ಪಾಸ್‌ಬುಕ್ಕು, ನೋ ಡ್ಯೂ ಪತ್ರ ಆಗ ಬಂಗಾರಕ್ಕೆ ಸಮ. ಎಸೆಯಬೇಡಿ.

ಸಾಲ ತೀರಿಸುವಾಗಲೂ ಒಂದು ಎಚ್ಚರ ಬೇಕು. ಬಡ್ಡಿ ಬಿಡಿಸಿಕೊಂಡು ಒಂದೇ ಗಂಟಿನಲ್ಲಿ ಮುಗಿಸುವ ಸೆಟಲ್‌ಮೆಂಟ್ ಆ ಹೊತ್ತಿಗೆ ನಿರಾಳವೆನಿಸುತ್ತದೆ. ವರದಿಯಲ್ಲಿ ಮಾತ್ರ ಆ ಖಾತೆಯ ಮುಂದೆ ‘ಕ್ಲೋಸ್ಡ್’ ಬದಲು ‘ಸೆಟಲ್ಡ್’ ಎಂದು ಬೀಳುತ್ತದೆ, ಅಂದರೆ ಪೂರ್ತಿ ಕಟ್ಟಿಲ್ಲ ಎಂದರ್ಥ. ಮುಂದಿನ ಬ್ಯಾಂಕಿನವರು ಹಿಂಜರಿಯುವುದು ಇಲ್ಲಿಯೇ. ಅನುಕೂಲವಾದಾಗ ಉಳಿಕೆ ಕಟ್ಟಿ ‘ಕ್ಲೋಸ್ಡ್’ ಮಾಡಿಸಿಕೊಂಡರೆ ಒಳ್ಳೆಯದು.

ಅಂಕ ಏರಿಸಲು ಗುಟ್ಟಿನ ಉಪಾಯಗಳಿಲ್ಲ. ಕಂತು ಗಡುವಿನೊಳಗೆ ಕಟ್ಟಬೇಕು. ಕ್ರೆಡಿಟ್ ಕಾರ್ಡಿನ ಮಿತಿಯಲ್ಲಿ ಮೂರನೇ ಒಂದು ಭಾಗ ದಾಟದಂತೆ ಖರ್ಚು ಹಿಡಿಯಬೇಕು. ಒಂದೇ ವಾರದಲ್ಲಿ ನಾಲ್ಕು ಕಡೆ ಸಾಲಕ್ಕೆ ಅರ್ಜಿ ಹಾಕಬಾರದು, ಪ್ರತಿ ಅರ್ಜಿಯ ವಿಚಾರಣೆಯೂ ದಾಖಲಾಗುತ್ತದೆ. ತನ್ನ ವರದಿಯನ್ನು ತಾನೇ ನೋಡಿದರೆ ಅಂಕ ಇಳಿಯುವುದಿಲ್ಲ. ಹಣ ಕೊಟ್ಟರೆ ಸಿಬಿಲ್ ‘ಕ್ಲೀನ್’ ಮಾಡಿಸುತ್ತೇವೆ ಎನ್ನುವವರಿಂದ ದೂರವಿರಬೇಕು. ನಿಜವಾದ ಸುಸ್ತಿಯನ್ನು ಅವರು ಅಳಿಸಲಾರರು, ಸುಳ್ಳು ನಮೂದನ್ನು ತೆಗೆಸಲು ಅವರು ಬೇಕಿಲ್ಲ.

ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಅಂಕದ ಸಮೇತ ಉಚಿತವಾಗಿ ಕೊಡಬೇಕು. ತಪ್ಪು ಕಂಡರೆ ಕಂಪನಿಯ ಜಾಲತಾಣದಲ್ಲೋ ಬ್ಯಾಂಕಿನಲ್ಲೋ ದೂರು ಕೊಡಬಹುದು. ಅದನ್ನು ಬಗೆಹರಿಸಲು ಅವರಿಗಿರುವ ಗಡುವು 30 ದಿನ. 2024ರ ಏಪ್ರಿಲ್ 26ರಿಂದ ಜಾರಿಯಲ್ಲಿರುವ ನಿಯಮದಂತೆ, ಆಮೇಲೆ ತಡವಾದ ಪ್ರತಿ ದಿನಕ್ಕೂ ದೂರುದಾರರಿಗೆ ₹100 ಪರಿಹಾರ ಸಲ್ಲಬೇಕು. ಅದಕ್ಕೂ ಜಗ್ಗದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್ ಇದ್ದಾರೆ. 14448ಕ್ಕೆ ಕರೆ ಮಾಡಿದರೆ ಮಾಹಿತಿ ಸಿಗುತ್ತದೆ.

ಓದುವ ಮಕ್ಕಳಿಗೂ ಸಿಬಿಲ್ ಬಿಸಿ ತಟ್ಟತೊಡಗಿದೆ. ಅಂಕ ಕಡಿಮೆಯೆಂಬ ಒಂದೇ ಕಾರಣಕ್ಕೆ ಶಿಕ್ಷಣ ಸಾಲ ನಿರಾಕರಿಸಬಾರದೆಂದು 2023ರಲ್ಲಿ ಕೇರಳ ಹೈಕೋರ್ಟ್ ಹೇಳಿತು. 2025ರಲ್ಲಿ ಮದ್ರಾಸ್ ಹೈಕೋರ್ಟ್ ಇನ್ನೊಂದು ದಿಕ್ಕಿನ ತೀರ್ಪು ಕೊಟ್ಟು, ಕೆಟ್ಟ ಸಾಲ ಚರಿತ್ರೆಯಿದ್ದ ಅಭ್ಯರ್ಥಿಯ ನೇಮಕವನ್ನು ಸ್ಟೇಟ್ ಬ್ಯಾಂಕ್ ರದ್ದು ಮಾಡಿದ್ದನ್ನು ಎತ್ತಿಹಿಡಿಯಿತು. ತುಮಕೂರಿನಲ್ಲಿ ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವವರು ಮೊಬೈಲ್ ಆ್ಯಪಿನ ಸಣ್ಣಪುಟ್ಟ ಸಾಲವನ್ನೂ ಹಗುರವಾಗಿ ಕಾಣುವಂತಿಲ್ಲ. ಇನ್ನೂ ಸಾಲವನ್ನೇ ಮಾಡದವರು ಅಂಜಬೇಕಿಲ್ಲ. ಚರಿತ್ರೆಯಿಲ್ಲವೆಂಬ ಕಾರಣಕ್ಕೇ ಮೊದಲ ಸಾಲದ ಅರ್ಜಿ ತಿರಸ್ಕರಿಸಬಾರದೆಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸೂಚಿಸಿದೆ. 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಸಂಸತ್ತಿನಲ್ಲಿ ಇದನ್ನು ಸ್ಪಷ್ಟಪಡಿಸಿದೆ.

2025ರ ಜುಲೈನಿಂದ ಸೆಪ್ಟೆಂಬರ್‌ವರೆಗೆ ಬ್ಯಾಂಕುಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಶಿಬಿರ ಹೂಡಿ ಕೆವೈಸಿ ನವೀಕರಣ, ವಿಮೆ, ಪಿಂಚಣಿ ಯೋಜನೆಗಳ ನೋಂದಣಿ ಮಾಡಿದವು. ಅದೇ ಮೇಜು, ಅದೇ ಸಿಬ್ಬಂದಿ, ಜೊತೆಗೊಂದು ಪ್ರಿಂಟರ್ ಇದ್ದರೆ ಗುಬ್ಬಿಯಲ್ಲೂ ಕುಣಿಗಲ್‌ನಲ್ಲೂ ಪ್ರತಿಯೊಬ್ಬರ ಕೈಗೆ ಅವರವರ ಕ್ರೆಡಿಟ್ ವರದಿ ಕೊಟ್ಟು, ಕನ್ನಡದಲ್ಲಿ ಓದಿ ಹೇಳಿ, ತಪ್ಪಿದ್ದರೆ ಅಲ್ಲೇ ದೂರು ಬರೆಸಿಕೊಳ್ಳಬಹುದು. ಜಿಲ್ಲೆಯ ಲೀಡ್ ಬ್ಯಾಂಕ್ ಮುಂದಿನ ಶಿಬಿರಗಳ ಪಟ್ಟಿಗೆ ಈ ಕೆಲಸವನ್ನೂ ಸೇರಿಸಲಿ.