ಇನ್ಶೂರೆನ್ಸ್ ಇದ್ದರೂ ಹೊಲ ಮಾರುವ ಪಾಳಿ ಯಾಕ ಬರ್ತದ?

ನೆಲೋಗಿ: ಬೈಕ್ ಇನ್ಶೂರೆನ್ಸ್ ಮುಗಿದು ವರ್ಷವಾದರೂ 'ಪೊಲೀಸರು ಹಿಡಿದಾಗ ನೋಡಿದ್ರಾಯ್ತು' ಎನ್ನುವವರು ನಮ್ಮ ಭಾಗದಲ್ಲಿ ಕಡಿಮೆ ಇಲ್ಲ. ಆದರೆ ಆ ಚೀಟಿಯ ನಿಜವಾದ ಲೆಕ್ಕ ಶುರುವಾಗೋದು ಅಪಘಾತ ಆದ ಮೇಲೆ.

2025ರ ಏಪ್ರಿಲ್ 5ರ ಬೆಳಗಿನ ಜಾವ ನೆಲೋಗಿ ಕ್ರಾಸ್ ಬಳಿ ನಿಂತಿದ್ದ ಲಾರಿಗೆ ವ್ಯಾನ್ ಡಿಕ್ಕಿ ಹೊಡೆದು ಬಾಗಲಕೋಟೆ ಜಿಲ್ಲೆಯ ಐವರು ಮೃತಪಟ್ಟಿದ್ದನ್ನು ಊರಿನವರು ಮರೆತಿಲ್ಲ. ಯಾವುದೇ ಅಪಘಾತದ ಪರಿಹಾರ ಕೇಸಿನಲ್ಲಿ ಕೋರ್ಟ್ ಮೊದಲು ಕೇಳುವುದು ಎರಡೇ: ಗಾಡಿಗೆ ಇನ್ಶೂರೆನ್ಸ್ ಇತ್ತಾ? ಓಡಿಸಿದವನ ಹತ್ರ ಲೈಸೆನ್ಸ್ ಇತ್ತಾ?

ದಂಡ ಸಣ್ಣದು, ಪರಿಹಾರ ದೊಡ್ಡದು

1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಂ ಪ್ರಕಾರ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕಡ್ಡಾಯ. ಇಲ್ಲದಿದ್ದರೆ 196ನೇ ಕಲಂನಡಿ ಮೊದಲ ಸಲ 2,000 ರೂ. ದಂಡ, ಇಲ್ಲವೇ 3 ತಿಂಗಳವರೆಗೆ ಜೈಲು, ಅಥವಾ ಎರಡೂ. ಎರಡನೇ ಸಲ ದಂಡ 4,000 ರೂ. 2022ರ ಜೂನ್‌ನಲ್ಲಿ ಕೇಂದ್ರ ನಿಗದಿ ಮಾಡಿದ ದರದಂತೆ 75ರಿಂದ 150 ಸಿಸಿ ಬೈಕಿಗೆ ವರ್ಷಕ್ಕೆ 714 ರೂ., ತೆರಿಗೆ ಬೇರೆ. ಈ ಹಣ ಉಳಿಸಲು ಹೋದವ ಒಂದು ಸಾವಿನ ಕೇಸಿನಲ್ಲಿ ಲಕ್ಷಗಟ್ಟಲೆ ಪರಿಹಾರ ಕೈಯಿಂದ ಕಟ್ಟಬೇಕಾಗ್ತದ.

ಅಪಾಯದ ಡ್ರೈವರಿಗೂ ಅದೇ ದರ

ಅಮೆರಿಕದ ಹಲವು ರಾಜ್ಯಗಳಲ್ಲಿ ಕುಡಿದು ಗಾಡಿ ಓಡಿಸಿ ಸಿಕ್ಕವನ ಪರವಾಗಿ ಇನ್ಶೂರೆನ್ಸ್ ಕಂಪನಿಯೇ ಸರ್ಕಾರಕ್ಕೆ 'ಎಸ್‌ಆರ್-22' ಎಂಬ ಪತ್ರ ಕೊಡಬೇಕು. ಸಾಮಾನ್ಯವಾಗಿ 3 ವರ್ಷ ಹೀಗೆ ನಡೀತದ, ಪ್ರೀಮಿಯಂ ಕೂಡ ಏರ್ತದ. ನಮ್ಮಲ್ಲಿ ಥರ್ಡ್ ಪಾರ್ಟಿ ದರ ನಿಂತಿರುವುದು ಗಾಡಿಯ ಮೇಲೆ, ಡ್ರೈವರ್ ಮೇಲಲ್ಲ. ನಿಯಮ ಮುರಿದವರಿಗೆ ಪಾಯಿಂಟ್ ಹಾಕಿ ಹೆಚ್ಚು ಪ್ರೀಮಿಯಂ ತಗೊಳ್ಳಬೇಕೆಂದು 2021ರ ಜನವರಿಯಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರದ ಕಾರ್ಯತಂಡ ಕರಡು ವರದಿ ಕೊಟ್ಟಿತ್ತು. ಕುಡಿದು ಓಡಿಸಿದರೆ 100 ಪಾಯಿಂಟ್, ತಪ್ಪು ಪಾರ್ಕಿಂಗಿಗೆ 10.

ಹಂಗಂತ ಅಪಾಯದ ಡ್ರೈವರ್ ಪಾರಾದ ಅಂತಲ್ಲ. ನಮ್ಮಲ್ಲಿ ಬಿಲ್ ಆಮೇಲೆ ಬರ್ತದ, ಅದೂ ಮಾಲೀಕನ ಮನೆಗೆ.

ಎಲ್ಲಿ ಸಿಕ್ಕಿಬೀಳ್ತಾರೆ?

ಒಂದು, ಲೈಸೆನ್ಸ್. ಇಲ್ಲದವನಿಗೆ ಗೊತ್ತಿದ್ದೂ ಗಾಡಿ ಕೊಟ್ಟರೆ ಕಂಪನಿ ಸಂತ್ರಸ್ತರಿಗೆ ಹಣ ಕೊಟ್ಟು, ಆಮೇಲೆ ಮಾಲೀಕನಿಂದ ವಸೂಲಿ ಮಾಡಬಹುದು. ಸುಪ್ರೀಂ ಕೋರ್ಟ್ 2004ರಲ್ಲೇ ಇದನ್ನು ಸ್ಪಷ್ಟಪಡಿಸಿದೆ. 18 ತುಂಬದ ಮಗನಿಗೆ ಬೈಕ್ ಕೊಟ್ಟರೆ ಪಾಲಕರು ಅಥವಾ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂ. ದಂಡ ಬೇರೆ.

ಎರಡು, ಗೂಡ್ಸ್ ಗಾಡಿಯಲ್ಲಿ ಜನ. ಹತ್ತಿ ಬಿಡಿಸಲು ಕೂಲಿಯವರನ್ನು ಟಂಟಂನಲ್ಲಿ ತುಂಬಿಕೊಂಡು ಹೋಗೋದು ಇಲ್ಲಿ ಮಾಮೂಲು. ಆದರೆ ಗೂಡ್ಸ್ ವಾಹನದಲ್ಲಿ ಪುಕ್ಕಟೆ ಹತ್ತಿದವರಿಗೆ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟ್ 2002ರ ಡಿಸೆಂಬರ್‌ನಲ್ಲಿ ಹೇಳಿದೆ. ತನ್ನ ಸಾಮಾನಿನ ಜೊತೆ ಹೋಗುವ ಅಂಗಡಿಯವನಿಗೆ ರಕ್ಷಣೆ ಉಂಟು, ಹಿಂದೆ ಕೂತ ಕೂಲಿಯವರಿಗೆ ಇಲ್ಲ.

ಗೂಡ್ಸ್ ಆಟೊ ಓಡಿಸುವವರಿಗೆ ಒಂದು ಸಮಾಧಾನ ಅದ. ಒಟ್ಟು ತೂಕ 7,500 ಕೆ.ಜಿ. ಒಳಗಿನ ಸಾರಿಗೆ ವಾಹನಕ್ಕೆ ಎಲ್‌ಎಂವಿ ಲೈಸೆನ್ಸ್ ಸಾಕು ಎಂದು ಸುಪ್ರೀಂ ಕೋರ್ಟಿನ ಐವರ ಪೀಠ 2024ರ ನವೆಂಬರ್ 6ರಂದು ತೀರ್ಪು ಕೊಟ್ಟಿದೆ.

ಇವತ್ತೇ ತಾರೀಖು ನೋಡಿ

2018ರ ಸೆಪ್ಟೆಂಬರ್‌ನಿಂದ ಹೊಸ ಬೈಕಿಗೆ 5 ವರ್ಷ, ಕಾರಿಗೆ 3 ವರ್ಷದ ಥರ್ಡ್ ಪಾರ್ಟಿ ಒಮ್ಮೆಲೇ ಕಟ್ಟಿಸಿಕೊಳ್ತಾರೆ. ಹೀಗಾಗಿ ವರ್ಷ ವರ್ಷ ಕಟ್ಟುವ ರೂಢಿ ತಪ್ಪಿದೆ. 2020ರಲ್ಲಿ ಶೋರೂಮಿನಿಂದ ತಂದ ಬೈಕಿನ ಪಾಲಿಸಿ 2025ಕ್ಕೇ ಮುಗಿದಿದೆ, ಅದು ಎಷ್ಟೋ ಮಂದಿಗೆ ನೆನಪಿಲ್ಲ. ಡಿಜಿಲಾಕರ್ ಅಥವಾ ಎಂ-ಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿದರೆ ವಿವರ ಸಿಗ್ತದ. ತಪಾಸಣೆ ವೇಳೆ ಅದನ್ನೇ ತೋರಿಸಬಹುದು. ಕೀಲಿ ಮತ್ತೊಬ್ಬರ ಕೈಗೆ ಕೊಡುವ ಮುಂಚೆ ಅವರ ಲೈಸೆನ್ಸ್ ಕೂಡ ಒಮ್ಮೆ ಕೇಳೋದು ಒಳ್ಳೇದು.