ಗಿರಣಿಯ ಚಿತ್ರ ಯಾರು ತೆಗೆಯಬೇಕು?

ಗದಗ-ಬೆಟಗೇರಿಗೆ ಬಂದ ಅತಿಥಿಗೆ ನಾವು ತೋರಿಸುವುದೇನು? ತ್ರಿಕೂಟೇಶ್ವರ, ವೀರನಾರಾಯಣ, ಹೊತ್ತಿದ್ದರೆ ಲಕ್ಕುಂಡಿ, ಇನ್ನೊಂದು ದಿನ ನಿಂತರೆ ಲಕ್ಷ್ಮೇಶ್ವರದ ಸೋಮೇಶ್ವರ, ಶಿರಹಟ್ಟಿಯ ಫಕೀರೇಶ್ವರ ಮಠ. ಅತಿಥಿಯ ಕ್ಯಾಮರಾ ತುಂಬುತ್ತದೆ. ಆದರೆ ಹತ್ತಿಯ ಜಿನ್ನು, ಅದರ ತಗಡಿನ ಮಾಡು, ರೇಲ್ವೆಯ ಗೂಡ್ಸ್ ಶೆಡ್ಡು, ಬೆಟಗೇರಿಯ ಕುಣಿಮಗ್ಗ, ಇವುಗಳ ಕಡೆಗೆ ನಮ್ಮ ಬೆರಳು ಏಳುವುದೇ ಇಲ್ಲ. ಅತಿಥಿಯೇ ಕುತೂಹಲದಿಂದ ಕೇಳಿದರೂ, “ಅದರಾಗೇನೈತ್ರೀ ನೋಡೂದು?” ಎಂದು ಮುಂದಕ್ಕೆ ನಡೆಸುತ್ತೇವೆ.

ನೋಡತಕ್ಕದ್ದು ಅದರಲ್ಲಿಯೂ ಇದೆಯೆಂಬುದು ನನ್ನ ವಾದ. ಗುಡಿ ಊರಿನ ಪುಣ್ಯವಾದರೆ ರೇಲ್ವೆ, ಗಿರಣಿ, ಮಗ್ಗ ಊರಿನ ಅನ್ನ. ಪುಣ್ಯದ ಚಿತ್ರ ತೆಗೆದು ಅನ್ನದ ಚಿತ್ರ ತೆಗೆಯದ ಊರು ತನ್ನ ಚರಿತ್ರೆಯ ಅರ್ಧ ಪುಟಗಳನ್ನು ತಾನೇ ಹರಿದು ಚೆಲ್ಲುತ್ತದೆ.

ಈ ಭೇದ ನಮಗೆ ಹುಟ್ಟಿನಿಂದ ಬಂದದ್ದಲ್ಲ; ಕಲಿಸಿದ್ದು. ಪಿಗೂ, ನೀಲ್ ಮೊದಲಾದ ಇಂಗ್ಲಿಷ್ ಅಧಿಕಾರಿಗಳು 1850ರ ದಶಕದಲ್ಲಿಯೇ ಈ ಸೀಮೆಯ ಗುಡಿಗಳ ಛಾಯಾಚಿತ್ರ ತೆಗೆದರು. 1866ರಲ್ಲಿ ಅವು ಲಂಡನ್ನಿನಲ್ಲಿ ಗ್ರಂಥವಾಗಿ ಹೊರಬಂದವು. 1926ರಲ್ಲಿ ಹೆನ್ರಿ ಕಝಿನ್ಸ್ ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುಶಿಲ್ಪದ ಮೇಲೆ ದೊಡ್ಡ ಸಚಿತ್ರ ಗ್ರಂಥ ಕೊಟ್ಟ. ಅವರ ಋಣ ದೊಡ್ಡದು, ಅಲ್ಲಗಳೆಯುವುದಿಲ್ಲ. ಆದರೆ ಸಾವಿರ ವರ್ಷದ ಕಲ್ಲಿಗೆ ಮಾತ್ರ ಚಿತ್ರದ ಯೋಗ್ಯತೆ, ನಿನ್ನೆ ಮೊನ್ನೆಯ ಕಬ್ಬಿಣಕ್ಕೆ ಇಲ್ಲವೆಂಬ ರೂಢಿಯೂ ಆ ಋಣದ ಜೊತೆಗೇ ಬಂತು. ಹೇಳಿಕೊಟ್ಟವರು ಹೋದರು, ನಾವು ಪಾಠ ಒಪ್ಪಿಸುತ್ತಲೇ ಇದ್ದೇವೆ.

ಆ ಕಬ್ಬಿಣದ ಕತೆ ಸಣ್ಣದೇ? 1876-78ರ ಧಾತು ಬರ ಈ ಸೀಮೆಯ ಊರೂರನ್ನೇ ಬರಿದು ಮಾಡಿತು. ಕಾಳು ಎಲ್ಲಿಯೋ ಇತ್ತು. ಹಸಿದವನ ಬಾಗಿಲಿಗೆ ತರುವ ದಾರಿ ಇರಲಿಲ್ಲ. ಬರದ ಆ ಪಾಠದಿಂದಲೇ 1882ರಲ್ಲಿ ಸದರ್ನ್ ಮರಾಠಾ ರೇಲ್ವೆ ಕಂಪನಿ ಹುಟ್ಟಿತು. ಹೊಟಗಿಯಿಂದ ಗದಗಕ್ಕೆ ಮೀಟರ್‌ಗೇಜ್ ಗಾಡಿ 1884ರಲ್ಲಿ ಬಂತು. ಅದಕ್ಕೆ ಮೊದಲು ನಮ್ಮ ಅರಳೆ ಎತ್ತಿನ ಗಾಡಿಯಲ್ಲಿ ಘಟ್ಟವಿಳಿದು ಕುಮಟೆಯ ಬಂದರಿಗೆ ಹೋಗುತ್ತಿತ್ತು. ಪೇಟೆಯಲ್ಲಿ ಅದಕ್ಕೆ ಕುಮಟಾ ಹತ್ತಿಯೆಂದೇ ಹೆಸರಾಗಿತ್ತು. ಹಳಿ ಬಿದ್ದ ಮೇಲೆ ಸರಕು ದಿಕ್ಕು ಬದಲಿಸಿತು. ಕುಮಟೆ ಮಂಕಾಯಿತು, ಗದಗ ಬೆಳೆಯಿತು. ಹತ್ತಿಯನ್ನು ಕಾಳಿನಿಂದ ಬಿಡಿಸುವ ಜಿನ್ನು, ಅರಳೆಯನ್ನು ಒತ್ತಿ ಕಬ್ಬಿಣದ ಪಟ್ಟಿ ಬಿಗಿಯುವ ಪ್ರೆಸ್ಸು, ಇವುಗಳಿಂದ ಗದಗ ಪೇಟೆಯಾಯಿತು. ಇಷ್ಟು ದೊಡ್ಡ ಪಲ್ಲಟದ ಚಿತ್ರ ನಿಮ್ಮ ಮನೆಯಲ್ಲಿ ಎಷ್ಟಿವೆ?

ನಾನು ಹುಡುಕಿದ್ದೇನೆ. ಹುಬ್ಬಳ್ಳಿ-ಗದಗ-ಹೊಸಪೇಟೆ ದಾರಿ 1990ರ ದಶಕದಲ್ಲಿ ಬ್ರಾಡ್‌ಗೇಜ್ ಆಯಿತು. ವಿಜಾಪುರದ ಕಡೆಯದೂ 2008ರ ಹೊತ್ತಿಗೆ ಬದಲಾಯಿತು. ಮೀಟರ್‌ಗೇಜ್ ಕಾಲದ ಚಿತ್ರಕ್ಕಾಗಿ ಹಳೆಯ ರೇಲ್ವೆ ಕುಟುಂಬಗಳ ಬಾಗಿಲು ತಟ್ಟಿದೆ. ಪ್ರೀತಿಯಿಂದ ಚಹಾ ಕೊಟ್ಟು ಆಲ್ಬಮ್ ತೆರೆದರು. ಫೈರ್‌ಮನ್ ಆಗಿದ್ದ ಒಬ್ಬ ಅಜ್ಜನ ಚಿತ್ರವಿತ್ತು: ಸ್ಟುಡಿಯೋದಲ್ಲಿ, ಎರವಲು ಕೋಟು ತೊಟ್ಟು, ಸರೋವರ ಬರೆದ ಪರದೆಯ ಮುಂದೆ. ಮೂವತ್ತು ವರ್ಷ ಆತ ಕಲ್ಲಿದ್ದಲು ಎಸೆದ ಬೆಂಕಿಯ ಬಾಯಿ ಮಾತ್ರ ಎಲ್ಲಿಯೂ ಇರಲಿಲ್ಲ. ಆತ ದುಡಿದ ಜಾಗ ಚಿತ್ರಕ್ಕೆ ತಕ್ಕುದಲ್ಲವೆಂದು ಆತನೇ ನಂಬಿದ್ದ. ನನ್ನ ಜಗಳ ಈ ನಂಬಿಕೆಯೊಡನೆ.

ಹುಬ್ಬಳ್ಳಿಯಲ್ಲಿ 2020ರಲ್ಲಿ ರೇಲ್ವೆ ವಸ್ತುಸಂಗ್ರಹಾಲಯ ತೆರೆದಿದೆಯಲ್ಲ ಎನ್ನುವವರುಂಟು. ಸಂತೋಷ. ಆದರೆ ಯಂತ್ರವನ್ನು ಎತ್ತಿ ತಂದು ಬಣ್ಣ ಬಳಿದು ನಿಲ್ಲಿಸಬಹುದು. ಯಾರ್ಡಿನ ಸುತ್ತ ಬೆಳೆದ ಓಣಿಯನ್ನು, ಪಾಳಿಗೆ ಹೊರಟವನ ಕೈಯ ಬುತ್ತಿಯನ್ನು ತರಲಾದೀತೆ? ಅದು ಚಿತ್ರದಿಂದ ಮಾತ್ರ ಸಾಧ್ಯ.

“ಮಸಿ, ತುಕ್ಕು, ಇದರಲ್ಲಿ ಸೌಂದರ್ಯವೆಲ್ಲಿ?” ಎಂಬುದು ರಸಿಕರ ಆಕ್ಷೇಪ. ಜರ್ಮನಿಯ ಬೆರ್ನ್ಡ್ ಮತ್ತು ಹಿಲ್ಲಾ ಬೆಖರ್ ದಂಪತಿಗಳು 1959ರಿಂದ ದಶಕಗಳ ಕಾಲ ನೀರಿನ ಗೋಪುರ, ಕುಲುಮೆ, ಗಣಿಯ ಕಟ್ಟಡಗಳನ್ನೇ ಚಿತ್ರಿಸುತ್ತ ಹೋದರು. ಅವುಗಳಲ್ಲಿ ಎಷ್ಟೋ ಇಂದು ನೆಲಸಮ. ಚಿತ್ರಗಳು ದೊಡ್ಡ ಕಲಾಶಾಲೆಗಳ ಗೋಡೆಯ ಮೇಲಿವೆ. ಅವರ ಚಿತ್ರಗಳಲ್ಲಿ ಮನುಷ್ಯರು ಸಿಗುವುದೇ ಅಪರೂಪ. ನಾವು ಆ ಕೊರತೆಯನ್ನೂ ತುಂಬೋಣ.

ಎರಡನೆಯದು ಕಾವಲುಗಾರರ ಆಕ್ಷೇಪ. ಬೇಲಿಯ ಹೊರಗೆ, ಸಾರ್ವಜನಿಕ ರಸ್ತೆಯಲ್ಲಿ ನಿಂತಾಗಲೂ “ಫೋಟೋ ತಗೀಬ್ಯಾಡ್ರಿ, ಕಾಯ್ದೆ ಐತಿ” ಎಂದು ನನ್ನನ್ನು ಓಡಿಸಿದ್ದಾರೆ. ಯಾವ ಕಾಯ್ದೆ? 1923ರ ಅಧಿಕೃತ ರಹಸ್ಯಗಳ ಕಾಯ್ದೆಯ ಪ್ರಕಾರ ರೇಲ್ವೆ ದಾರಿ ನಿಷಿದ್ಧ ಸ್ಥಳವಾಗಬೇಕಾದರೆ ಕೇಂದ್ರ ಸರಕಾರ ಹಾಗೆಂದು ಘೋಷಿಸಬೇಕು. ಆ ಘೋಷಣೆಯನ್ನು ಇಂಗ್ಲಿಷಿನಲ್ಲಿಯೂ ಸ್ಥಳದ ಭಾಷೆಯಲ್ಲಿಯೂ ಅಲ್ಲಿ ಹಚ್ಚಿರಬೇಕು. ಎಲ್ಲಿದೆ ಆ ಕನ್ನಡ ಹಾಳೆ? ಹಳಿಯ ಮೇಲೆ ಅತಿಕ್ರಮ ಪ್ರವೇಶ 1989ರ ರೇಲ್ವೆ ಕಾಯ್ದೆಯಂತೆ ಅಪರಾಧ, ಅದು ನ್ಯಾಯವೇ. ಚಿತ್ರದ ಹುಚ್ಚಿಗೆ ಜೀವ ಕೊಡಬೇಕಾಗಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ರೇಲ್ವೆಯ ನಿಯಮ, ಗಿರಣಿಯೊಳಗೆ ಮಾಲಕರ ಒಪ್ಪಿಗೆ ನಡೆಯಲಿ. ಆದರೆ ನಿಯಮ ಬೋರ್ಡಿನ ಮೇಲೆ ಇರಬೇಕು, ಕಾವಲುಗಾರನ ಗಂಟಲಿನಲ್ಲಲ್ಲ.

ಮೂರನೆಯ ಆಕ್ಷೇಪ ತೂಕದ್ದು. “ಧೂಳು ಕುಡಿದು, ಕಡಿಮೆ ಕೂಲಿಗೆ ದುಡಿದ ಜಾಗಕ್ಕೆ ಆರತಿ ಎತ್ತಬೇಕೆ?” ಎಂದು ಒಬ್ಬ ಕಾರ್ಮಿಕ ಮಿತ್ರರು ಕೇಳಿದರು. ಆರತಿ ಬೇಡ, ಸಾಕ್ಷಿ ಬೇಕು. ಮೂಗಿಗೆ ಸೆರಗು ಕಟ್ಟಿಕೊಂಡು ಜಿನ್ನಿಗೆ ಹತ್ತಿ ಒಡ್ಡಿದ ಹೆಣ್ಣುಮಗಳ ಚಿತ್ರವಿಲ್ಲದಿದ್ದರೆ, ನಾಳೆ ಆ ಶೆಡ್ಡಿನ ಜಾಗದಲ್ಲಿ ಕಲ್ಯಾಣ ಮಂಟಪವೆದ್ದಾಗ, ಆಕೆ ಇದ್ದಳೆಂದು ಯಾರು ನಂಬಬೇಕು? ಚಿತ್ರವಿಲ್ಲದ ಕಷ್ಟವನ್ನು ಇಲ್ಲವೆನ್ನುವುದು ಬಹಳ ಸುಲಭ.

ಬೇರೆಯವರು ನಮಗಾಗಿ ಕಾಪಾಡುತ್ತಾರೆಂದು ಕೂಡುವಂತಿಲ್ಲ. ಬಾಸೆಲ್ ಮಿಶನ್ನಿನವರು 1841ರಲ್ಲಿ ಬೆಟಗೇರಿಯಲ್ಲಿ ನೆಲೆಯೂರಿದರು. ಅವರ ಕಾಗದಪತ್ರ, ಛಾಯಾಚಿತ್ರಗಳ ಭಂಡಾರವಿರುವುದು ಸ್ವಿಟ್ಜರ್ಲೆಂಡಿನಲ್ಲಿ. ನಮ್ಮ ನಿನ್ನೆಯನ್ನು ಕಾಣಲು ನಾವು ಅಷ್ಟು ದೂರ ಕೈಯೊಡ್ಡಬೇಕಾಗಿದೆ.

ಇಂದಿನದನ್ನಾದರೂ ಉಳಿಸೋಣ. ಗದಗ-ವಾಡಿ ಹೊಸ ದಾರಿಯಲ್ಲಿ 2025ರಲ್ಲಿ ಕುಷ್ಟಗಿಯವರೆಗೆ ಗಾಡಿ ಓಡಿತು. ಮುಂಡರಗಿಯ ಕಪ್ಪತಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳು ತಿರುಗುತ್ತಿವೆ. ಬೆಟಗೇರಿಯಲ್ಲಿ ಲಾಳಿಯ ಸದ್ದು ಇನ್ನೂ ಪೂರ್ತಿ ಅಡಗಿಲ್ಲ. ಪ್ರತಿಯೊಬ್ಬರ ಕಿಸೆಯಲ್ಲಿಯೂ ಕ್ಯಾಮರಾ ಇದೆ. ಕಾಲೇಜಿನ ಹುಡುಗರು ವರ್ಷಕ್ಕೊಂದು ಓಣಿ ಹಿಡಿಯಲಿ. ಮಾಲಕರು ಶೆಡ್ಡು ಕೆಡಹುವ ಮುನ್ನ ಒಂದು ದಿನ ಬಾಗಿಲು ತೆರೆಯಲಿ. ಮುಚ್ಚುತ್ತಿರುವ ಸ್ಟುಡಿಯೋಗಳ ನೆಗೆಟಿವ್ ಡಬ್ಬಿಗಳು ಗುಜರಿಗೆ ಹೋಗುವ ಬದಲು ನಗರದ ಗ್ರಂಥಾಲಯಕ್ಕೆ ಬರಲಿ. ಪ್ರತಿ ಚಿತ್ರದ ಜೊತೆಗೆ ಸ್ಥಳ, ತಾರೀಖು, ಯಂತ್ರದ ಕೆಲಸ, ಒಪ್ಪಿದರೆ ನಿಂತವರ ಹೆಸರು, ಇಷ್ಟನ್ನು ಬರೆದಿಡಿ. ಮುಂದಿನ ಭಾನುವಾರ ಗುಡಿಗೆ ಹೋಗಿ ಬರುವಾಗ ಗಿರಣಿಯ ಎದುರು ಐದು ನಿಮಿಷ ನಿಲ್ಲಿರಿ. ಯಾರಾದರೂ ಕೇಳಿದರೆ, ಊರಿನ ಚಿತ್ರ ತೆಗೆಯುತ್ತಿದ್ದೇನೆ ಎನ್ನಿರಿ.