ಒಪ್ಪದವರ ಸಹಿ

1955ರಲ್ಲಿ ಎರಡನೇ ಪಂಚವಾರ್ಷಿಕ ಯೋಜನೆಯ ರೂಪುರೇಷೆಯನ್ನು ಪರಿಶೀಲಿಸಲು ಕೇಂದ್ರ ಸರ್ಕಾರ ಅರ್ಥಶಾಸ್ತ್ರಜ್ಞರ ಮಂಡಳಿಯೊಂದನ್ನು ಕೂಡಿಸಿತ್ತು. ಡಿ.ಆರ್. ಗಾಡ್ಗೀಳ್, ವಿ.ಕೆ.ಆರ್.ವಿ. ರಾವ್ ಅವರಂಥ ಘಟಾನುಘಟಿಗಳಿದ್ದ ಆ ಮಂಡಳಿಯಲ್ಲಿ ಒಬ್ಬರು ಮಾತ್ರ ವರದಿಗೆ ತಲೆಯಾಡಿಸಲಿಲ್ಲ. ಅವರು ಬೆಳ್ಳಿಕೋತ್ ರಘುನಾಥ ಶೆಣೈ. ಅಂದಿನ ದಕ್ಷಿಣ ಕನ್ನಡ ಜಿಲ್ಲೆಗೆ, ಇಂದಿನ ಕಾಸರಗೋಡು ಜಿಲ್ಲೆಗೆ ಸೇರಿದ ಬೆಳ್ಳಿಕೋತ್‌ನವರು.

ಶೆಣೈ ಅವರ ಭಿನ್ನಮತದ ಟಿಪ್ಪಣಿಯ ತಿರುಳು ಇಷ್ಟೆ: ದೇಶದ ಉಳಿತಾಯ ಎಷ್ಟಿದೆಯೋ ಯೋಜನೆಯೂ ಅಷ್ಟೇ ಇರಲಿ. ನೋಟು ಅಚ್ಚು ಹಾಕಿದರೆ ಉಳಿತಾಯ ಹುಟ್ಟುವುದಿಲ್ಲ, ಬೆಲೆ ಏರುತ್ತದೆ, ವಿದೇಶಿ ವಿನಿಮಯ ಕರಗುತ್ತದೆ. ಯಾರೂ ಕಿವಿಗೊಡಲಿಲ್ಲ. ಸರ್ಕಾರಿ ವಲಯಕ್ಕೆ ಗೊತ್ತುಮಾಡಿದ 4,800 ಕೋಟಿ ರೂಪಾಯಿಯಲ್ಲಿ 1,200 ಕೋಟಿಯನ್ನು ಕೊರತೆ ಹಣಕಾಸಿನಿಂದಲೇ ತರುವುದೆಂದಾಯಿತು. 1957ರ ಹೊತ್ತಿಗೆ ವಿದೇಶಿ ವಿನಿಮಯಕ್ಕೆ ತತ್ವಾರ ಬಂತು.

ಶೆಣೈ ಅವರ ಎಲ್ಲ ಮಾತನ್ನೂ ನಾನು ಒಪ್ಪುವುದಿಲ್ಲ. ಮಾರುಕಟ್ಟೆಯ ಮೇಲೆ ಅವರಿಗಿದ್ದ ಭರವಸೆ ನನಗಿಲ್ಲ. ಭಿಲಾಯಿ, ರೂರ್ಕೆಲಾ, ದುರ್ಗಾಪುರದ ಉಕ್ಕಿನ ಕಾರ್ಖಾನೆಗಳನ್ನು ಆಗ ಖಾಸಗಿಯವರು ಕಟ್ಟುತ್ತಿದ್ದರೆಂದು ನಂಬುವುದೂ ಕಷ್ಟ. ಆದರೆ ನನ್ನ ಕಣ್ಣಿಗೆ ಬೀಳುವುದು ಬೇರೆ ಸಂಗತಿ. ತನ್ನ ನೀತಿಯ ಬುಡವನ್ನೇ ಪ್ರಶ್ನಿಸಿದ ಆ ಟಿಪ್ಪಣಿಯನ್ನು ಯೋಜನಾ ಆಯೋಗ ಕಪಾಟಿನಲ್ಲಿ ಬಚ್ಚಿಡಲಿಲ್ಲ. ಯೋಜನೆಯ ಕಾಗದಪತ್ರಗಳ ಜೊತೆಗೇ ಅಚ್ಚು ಮಾಡಿತು.

ಇದಕ್ಕೆ ಹೋಲಿಸಿ, ನೋಟು ರದ್ದತಿ ಘೋಷಣೆಯಾದ 2016ರ ನವೆಂಬರ್ 8ನ್ನು ನೆನೆಯಿರಿ. ಅಂದು ಸಂಜೆ ಸೇರಿದ ರಿಸರ್ವ್ ಬ್ಯಾಂಕಿನ ಕೇಂದ್ರ ಮಂಡಳಿಯಲ್ಲಿ, ಕಪ್ಪುಹಣ ಹೆಚ್ಚಾಗಿರುವುದು ನಗದಿನಲ್ಲಲ್ಲ, ಚಿನ್ನ ಮತ್ತು ನಿವೇಶನ, ಕಟ್ಟಡಗಳಲ್ಲಿ ಎಂಬ ಮಾತು ಬಂದಿತ್ತು. ಆ ಸಭೆಯ ನಡವಳಿ ನಮ್ಮ ಕೈಸೇರಿದ್ದು 2019ರಲ್ಲಿ, ಅದೂ ಮಾಹಿತಿ ಹಕ್ಕಿನ ಅರ್ಜಿಯಿಂದ. ನೋಟು ರದ್ದತಿ ಬೇಡವೆಂದೇ ಹೇಳಿದ್ದೆ ಎಂದು ರಘುರಾಮ್ ರಾಜನ್ ಬಾಯಿಬಿಟ್ಟದ್ದು ಗವರ್ನರ್ ಹುದ್ದೆ ಬಿಟ್ಟ ಮರುವರ್ಷ. ಆಗ ಮುಖ್ಯ ಆರ್ಥಿಕ ಸಲಹೆಗಾರರಾಗಿದ್ದ ಅರವಿಂದ ಸುಬ್ರಮಣಿಯನ್ ಅದನ್ನು ಕಟುವಾಗಿ ಟೀಕಿಸಿದ್ದು ಕೂಡ ಹುದ್ದೆಯಿಂದಿಳಿದ ಮೇಲೆ ಬಂದ ಪುಸ್ತಕದಲ್ಲಿ. ಹುದ್ದೆಯ ಕಟ್ಟುಪಾಡು ನನಗೂ ಗೊತ್ತು. ಹಾಗಿದ್ದರೂ ಹಣ ಕಳೆದುಕೊಂಡವರಿಗೆ ನಿವೃತ್ತರ ಪುಸ್ತಕದಿಂದ ಏನು ದಕ್ಕೀತು?

ದಾರಿ ಇಲ್ಲವೆಂದಲ್ಲ. ಬಡ್ಡಿದರ ನಿರ್ಧರಿಸುವ ರಿಸರ್ವ್ ಬ್ಯಾಂಕಿನ ಹಣಕಾಸು ನೀತಿ ಸಮಿತಿಯ ಆರು ಸದಸ್ಯರಲ್ಲಿ ಯಾರು ಹೇಗೆ ಮತ ಹಾಕಿದರು, ಏಕೆ ಎಂಬುದನ್ನು ಸಭೆಯಾದ ಹದಿನಾಲ್ಕನೆಯ ದಿನ ಪ್ರಕಟಿಸಲೇಬೇಕು. ಕಾನೂನೇ ಹಾಗಿದೆ. 2024ರಲ್ಲಿ ಅದರ ಸದಸ್ಯರಾಗಿದ್ದ ಜಯಂತ್ ವರ್ಮ ದರ ಇಳಿಸಬೇಕೆಂದು ಸಭೆಯಿಂದ ಸಭೆಗೆ ಪಟ್ಟುಹಿಡಿದರು. ಆಕಾಶವೇನೂ ಕಳಚಿ ಬೀಳಲಿಲ್ಲ. ಬಡ್ಡಿದರಕ್ಕೆ ಸಲ್ಲುವ ಈ ಶಿಸ್ತು ತೆರಿಗೆಗೆ, ಗ್ಯಾರಂಟಿ ಯೋಜನೆಗಳಿಗೆ, ಸಾಲದ ಲೆಕ್ಕಕ್ಕೆ ಏಕೆ ಬೇಡ? ದೆಹಲಿಗೂ ಕೇಳಬೇಕಾದ ಪ್ರಶ್ನೆ ಇದು, ವಿಧಾನಸೌಧಕ್ಕೂ.

ಈ ಸಂಚಿಕೆಯಲ್ಲಿ ಬಜೆಟ್ ಕುರಿತ ಲೇಖನಗಳಿವೆ. ಒಪ್ಪದವರು ಬರೆದು ಕಳಿಸಿ, ಹೆಸರು ಹಾಕಿ ಪ್ರಕಟಿಸುತ್ತೇವೆ. ಪುಟ ಸಾಲದಿದ್ದರೆ ಸಂಪಾದಕರ ಮಾತಿಗೆ ಕತ್ತರಿ ಹಾಕಿದರಾಯಿತು.